ತೊಟ್ಟಿಲು ನೋಡುವ ನರ್ಸಮ್ಮ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಅಶ್ವಿನಿ ಹೋದ ವಾರ ಫೋನ್ ಮಾಡಿದ್ದಳು. ದನಿಯಲ್ಲಿ ಅಳು ತುಂಬಿತ್ತು.

"ಮೇಡಂ, ಲಸಿಕಿ ಬಗ್ಗೆ ಕೇಳಿದ್ರ ಹೇಳ್ತೀನಿ, ಎದಿಹಾಲಿನ ಬಗ್ಗೆ ಕೇಳಿದ್ರ ಹೇಳ್ತೀನಿ. ಇಲ್ಲಿ ನೋಡಿದ್ರ ಎಲ್ಲಾರೂ ಎಂಥಾ ತೊಟ್ಲ ತರಬೇಕು ಅಂತ ಕೇಳ್ತಾರ್ರಿ. ಟ್ರೇನಿಂಗಿನಾಗ ಅದನ್ನ ಹೇಳಿಕೊಟ್ಟೇ ಇಲ್ಲಲ್ರಿ!"

ನನಗೆ ನಗು ಬಂತು. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತೂ ಅದಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ಅಶ್ವಿನಿಯಂಥ ಹೊಸ ಹುಡುಗಿಯರು ಬಸ್ಸಿಗೆ ಕಾಯುವಾಗ ಓದಿಕೊಳ್ಳಲಿ. ನಮ್ಮ ಕಡೆ ಬಸ್ಸಿಗೆ ಕಾಯುವ ಹೊತ್ತಿಗೇನೂ ಕೊರತೆಯಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟರ ಒಳಗೇ ನನ್ನ ನೌಕರಿ ಮುಗಿಯಿತು. ಹಳ್ಳಿಗಳ ಉಪಕೇಂದ್ರದಲ್ಲಿ ಕೂತು, ಮನೆಮನೆಗೆ ತಿರುಗಿ ಬಸುರಿ ಬಾಣಂತಿಯರನ್ನು ನೋಡುವ ಕೆಲಸ. ಸರ್ಕಾರ ನನ್ನ ಹುದ್ದೆಗೆ ಹೊಸ ಹೆಸರು ಇಟ್ಟಾಗಲೆಲ್ಲ ಊರವರು ತಮಗೆ ಬೇಕಾದ ಹೆಸರಿನಿಂದಲೇ ಕರೆದರು. ಮೊದಲು ನರ್ಸಮ್ಮ, ಆಮೇಲೆ ಸಿಸ್ಟರ್, ಕೂದಲು ಬೆಳ್ಳಗಾದ ಮೇಲೆ ಮೇಡಂ. ಬಡ್ತಿ ಸಿಕ್ಕದ್ದು, ಸಿಗದೇ ಹೋದದ್ದು ನನಗೇ ಬೇಸರದ ವಿಷಯ, ಓದುವವರಿಗೆ ಇನ್ನೂ ಬೇಸರ. ಅದನ್ನು ಬಿಡುತ್ತೇನೆ.

ಹೆರಿಗೆಯಾದ ಮನೆಗೆ ಹೋದಾಗ ನಾವು ತಾಯಿಯ ಜ್ವರ ನೋಡಬೇಕು, ಕೂಸಿನ ಹೊಕ್ಕಳು ನೋಡಬೇಕು, ತೂಕ ಹಾಕಬೇಕು, ಹಾಲು ಕುಡಿಯುತ್ತದೆಯೇ ಕೇಳಬೇಕು. ಕೂಸು ಎಲ್ಲಿ ಮಲಗುತ್ತದೆ ಎಂದು ನೋಡಿರೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಆ ಕೂಸು ದಿನದ ಬಹುಪಾಲು ಇರುವುದೇ ಅಲ್ಲಿ. ನಾವು ಹೊಕ್ಕಳು ನೋಡಿ ಹೊರಬಂದ ಮೇಲೆ ಅದನ್ನು ನೋಡಿಕೊಳ್ಳುವುದು ತೊಟ್ಟಿಲು.

ನನ್ನ ಮೊದಲ ತೊಟ್ಟಿಲ ಪರೀಕ್ಷೆ ನಡೆದದ್ದು ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ. ನೌಕರಿ ಹೊಸತು, ಬಿಳಿ ಸೀರೆಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಆ ಮನೆಯಲ್ಲಿ ಅಜ್ಜಂದಿರ ಕಾಲದ ಸಾಗುವಾನಿ ತೊಟ್ಟಿಲು ಸರಪಳಿಯಲ್ಲಿ ತೂಗಿಹಾಕಿದ್ದರು. ಕೂಸು ತಾಯಿಯ ತೊಡೆಯ ಮೇಲಿತ್ತು. ಸರಪಳಿ ಕಿರುಗುಟ್ಟುತ್ತದೆಯೇ ನೋಡೋಣ ಎಂದು ನಾನು ತೊಟ್ಟಿಲನ್ನು ಜೋರಾಗಿ ಒಮ್ಮೆ ತೂಗಿಬಿಟ್ಟೆ.

"ಎಲೆಲೆಲೇ! ಕೈ ತಗೀ!" ಎಂದು ಒಳಗಿನಿಂದ ಮನೆಯ ಹಿರಿಯಮ್ಮ ಕರಿಬಸಮ್ಮ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಖಾಲಿ ತೊಟ್ಲ ತೂಗ್ತಾರೇನಬೇ ತಾಯಿ? ನಿಮ್ಮವ್ವ ಇಷ್ಟೂ ಹೇಳಿಕೊಟ್ಟಿಲ್ಲೇನು ನಿನಗ?"

ನಮ್ಮವ್ವ ಹೇಳಿಕೊಟ್ಟಿದ್ದಳು. ಹಡಗಲಿಯಲ್ಲಿ ಹುಟ್ಟಿ ಬೆಳೆದವಳಿಗೆ ಖಾಲಿ ತೊಟ್ಟಿಲು ತೂಗಬಾರದೆಂದು ಗೊತ್ತಿರದೆ ಇರುತ್ತದೆಯೇ? ಆದರೆ ಬಿಳಿ ಸೀರೆ ಉಟ್ಟ ದಿನದಿಂದ ನಾನು ಅವ್ವನ ಮಗಳು ಎನ್ನುವುದನ್ನೇ ಮರೆತಿದ್ದೆ. ಕೂಸಿಗೆ ಕೆಡುಕು ತಟ್ಟದಿರಲಿ ಎಂದು ಕರಿಬಸಮ್ಮ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಘಾಟಿಗೆ ನಾನು ಸೀನಿದೆ, ತಾಯಿ ಸೀನಿದಳು, ಕೂಸೂ ಸೀನಿತು. "ನೋಡು, ಎಲ್ಲಾ ಹೋತು" ಎಂದು ಅವಳಿಗೆ ಸಮಾಧಾನವಾಯಿತು. ನನಗೆ ಚಹಾ ಕೊಟ್ಟಳು.

ಅಂದಿನಿಂದ ನಾನೊಂದು ಉಪಾಯ ಮಾಡಿಕೊಂಡೆ. ಯಾವ ಮನೆಗೆ ಹೋದರೂ ನನ್ನ ಔಷಧದ ಚೀಲವನ್ನು ಮೊದಲು ತೊಟ್ಟಿಲಲ್ಲಿ ಮಲಗಿಸಿ ಆಮೇಲೆ ತೂಗುತ್ತಿದ್ದೆ. ತೊಟ್ಟಿಲು ಖಾಲಿ ಎನ್ನಲು ಯಾರಿಗೂ ಬರುವಂತಿರಲಿಲ್ಲ. "ನರ್ಸಮ್ಮನ ಚೀಲಕ್ಕ ಏನು ಹೆಸರಿಡೂಣು?" ಎಂದು ಹೆಂಗಸರು ನಗುತ್ತಿದ್ದರು. ನಗುವವರು ನಾವು ಹೇಳಿದ್ದನ್ನೂ ಕೇಳುತ್ತಾರೆ, ಇದನ್ನು ನೆನಪಿಡು ಅಶ್ವಿನಿ.

ನನಗೆ ಕೆಲಸ ಕಲಿಸಿದವರು ಸರೋಜಮ್ಮನವರು. ನಮ್ಮ ಮೇಲ್ವಿಚಾರಕಿ, ಗಟ್ಟಿ ಮೈಯವರು, ಅದಕ್ಕಿಂತ ಗಟ್ಟಿ ದನಿಯವರು. "ತೊಟ್ಲಾ ನೋಡಬ್ಯಾಡ, ತೊಟ್ಲಾ ಕಟ್ಟಿದ ಜಾಗ ನೋಡು" ಎನ್ನುತ್ತಿದ್ದರು. ಹಡಗಲಿ ಕಡೆಯ ಒಂದು ಮಾಳಿಗೆ ಮನೆಯಲ್ಲಿ ತೊಲೆಗೆ ಸೀರೆಯ ಜೋಲಿ ಕಟ್ಟಿದ್ದರು. ಸರೋಜಮ್ಮನವರು ಕೂಸನ್ನು ಎತ್ತಿ ತಾಯಿಯ ಕೈಗೆ ಕೊಟ್ಟು, ಜೋಲಿಯನ್ನು ಎರಡೂ ಕೈಯಲ್ಲಿ ಹಿಡಿದು, ನೋಡನೋಡುತ್ತಿದ್ದಂತೆ ತಮ್ಮ ಎರಡೂ ಕಾಲು ಮೇಲೆತ್ತಿ ಜೋತುಬಿದ್ದರು. ತೊಲೆ ನರಳಿತು. ಮಾಳಿಗೆಯ ಮಣ್ಣು ಉದುರಿ ನಮಗೆಂದು ತಂದಿಟ್ಟ ಚಹಾದ ಲೋಟಗಳಿಗೆ ಬಿತ್ತು.

ಮನೆಯ ಯಜಮಾನನಿಗೆ ಗಾಬರಿ, ಜೊತೆಗೆ ತಡೆಯಲಾರದ ನಗು. "ಅಕ್ಕಾರ, ಕೂಸು ಅಷ್ಟು ದಪ್ಪ ಆಗೂತನಕ ಜೋಲಿನಾಗ ಮಲಗಂಗಿಲ್ಲ ಬಿಡ್ರಿ" ಎಂದ.

"ಇವತ್ತು ಮಣ್ಣು ಬಿದ್ದೈತಿ, ನಾಳಿ ತೊಲಿ ಬಿದ್ರ?" ಎಂದರು ಸರೋಜಮ್ಮನವರು. ಅವರು ನಗಲಿಲ್ಲ. ಮಣ್ಣು ಬಿದ್ದ ಚಹಾವನ್ನು ಮೇಲಿನಿಂದ ಊದಿ ಕುಡಿದರು. ಸಂಜೆಯೊಳಗೆ ಜೋಲಿ ಬೇರೆ ತೊಲೆಗೆ ಹೋಯಿತು. ಜೋಲಿ ಆಳವಾದರೆ ಕೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರು ಕಟ್ಟುತ್ತದೆ, ತಾಯಿ ಎದುರಿಗೆ ಎಚ್ಚರ ಇರುವಾಗ ಮಾತ್ರ ಜೋಲಿ, ಉಳಿದ ಹೊತ್ತಿಗೆ ಸಮನಾದ ಹಾಸಿಗೆ ಎಂದು ಅವರು ಆ ದಿನ ಹೇಳಿದ್ದನ್ನು ನಾನು ಕೊನೆಯ ದಿನದವರೆಗೂ ಹೇಳುತ್ತ ಬಂದೆ.

ಒಬ್ಬ ಡಾಕ್ಟರು ಇದ್ದರು, ಒಳ್ಳೆಯವರು. ಚಿತ್ರ ತೋರಿಸಿದರೆ ಜನ ಬೇಗ ಕಲಿಯುತ್ತಾರೆ ಎನ್ನುವುದು ಅವರ ನಂಬಿಕೆ. ಎಲ್ಲಿಂದಲೋ ಒಂದು ದೊಡ್ಡ ಚಿತ್ರಪಟ ತರಿಸಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಬಿಳಿ ಗೋಡೆ, ಬಿಳಿ ಕಂಬಿಗಳ ಮಕ್ಕಳ ಮಂಚ, ಗುಂಡುಗುಂಡಾದ ಬಿಳಿಯ ಕೂಸು, ಕೆಳಗೆ ರತ್ನಗಂಬಳಿಯ ಮೇಲೆ ಒಂದು ನಾಯಿ. ನಾನು ಹಗರಿಬೊಮ್ಮನಹಳ್ಳಿ ಹತ್ತಿರದ ಊರಿನ ಗುಡಿಕಟ್ಟೆಯಲ್ಲಿ ಪಟ ಬಿಚ್ಚಿ, ಕಂಬಿಗಳ ಸಂದು, ಹಾಸಿಗೆಯ ಗಟ್ಟಿತನ ಎಲ್ಲ ವಿವರಿಸಿದೆ. ಹೆಂಗಸರು ಬಹಳ ಲಕ್ಷ್ಯ ಕೊಟ್ಟು ಕೇಳಿದರು. ಕಡೆಗೆ ಏನಾದರೂ ಕೇಳುವುದಿದೆಯೇ ಎಂದೆ.

"ಎಲ್ಲಾ ಸರಿ ಐತ್ರಿ" ಎಂದಳು ಒಬ್ಬಳು. "ಆದ್ರ ಬಾಣಂತಿ ಕ್ವಾಣಿಯಾಗ ನಾಯಿ ಯಾಕ ಬಿಟ್ಟಾರ?"

ಆ ಮೇಲೆ ಅರ್ಧ ಗಂಟೆ ಚರ್ಚೆ ನಾಯಿಯ ಬಗ್ಗೆಯೇ ನಡೆಯಿತು. ಡಾಕ್ಟರಿಗೆ ಹೇಳಿದೆ. ಅವರು ಯೋಚಿಸಿ, ನಾಯಿಯ ಮೇಲೆ ಬಿಳಿ ಕಾಗದ ಅಂಟಿಸಿ ಕೊಟ್ಟರು. ಮುಂದಿನ ಊರಿನಲ್ಲಿ ಎಲ್ಲರೂ ಕಾಗದದ ಕೆಳಗೆ ಏನಿದೆ ಎಂದು ಕೇಳಿದರು.

ಪಟ ಮಾಡದ ಕೆಲಸವನ್ನು ಒಬ್ಬ ಕುರಿಗಾರ ಹೆಂಗಸು ಮಾಡಿದಳು. ಕೂಡ್ಲಿಗಿಯ ಆಚೆ ಹೊಲದಲ್ಲಿ ಅವರ ಕುರಿಹಟ್ಟಿ ಬಿದ್ದಿತ್ತು. ಮೂರು ಕೋಲು ಕಟ್ಟಿ, ನಡುವೆ ಕಂಬಳಿಯನ್ನು ಬಿಗಿಯಾಗಿ ಎಳೆದು, ಅದರ ಮೇಲೆ ಕೂಸನ್ನು ಅಂಗಾತ ಮಲಗಿಸಿದ್ದಳು. ಬಿದ್ದರೆ ಏನು ಗತಿ ಎಂದು ನಾನು ಬಾಯಿ ತೆಗೆಯುವ ಮೊದಲೇ ಅವಳು ಕಂಬಳಿಯ ಕೆಳಗೆ ತನ್ನ ಗೇಣು ಇಟ್ಟು ತೋರಿಸಿದಳು. "ಬಿದ್ರ ಇಷ್ಟಽ ಬೀಳ್ತೈತ್ರಿ. ಕೆಳಗ ಕುರಿ ಉಣ್ಣೆ ಹಾಸೀನಿ" ಎಂದಳು. ನಾನು ಹೇಳಲು ಬಂದಿದ್ದ ಮಾತನ್ನು ನುಂಗಿಕೊಂಡು, ಅವಳ ಮಾತನ್ನೇ ಮುಂದಿನ ಊರಿಗೆ ಒಯ್ದೆ. ತೊಟ್ಟಿಲು ನೆಲಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು.

ಇನ್ನು ಕಬ್ಬಿಣದ ವಿಷಯ. ದೃಷ್ಟಿ, ಗಾಳಿ ತಾಗದಿರಲಿ ಎಂದು ಕೂಸಿನ ತಲೆದಿಂಬಿನ ಕೆಳಗೆ ಕಬ್ಬಿಣ ಇಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಸಾಮಾನ್ಯವಾಗಿ ಸಣ್ಣ ಅಡಕತ್ತರಿ ಇಡುತ್ತಾರೆ. ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ ಒಂದು ಮನೆಯವರು ಕುಡುಗೋಲನ್ನೇ ಇಟ್ಟಿದ್ದರು. ಮೊಮ್ಮಗ ಬಹಳ ವರ್ಷದ ಮೇಲೆ ಹುಟ್ಟಿದವನು, ದೃಷ್ಟಿಯೂ ದೊಡ್ಡದೇ ಇರುತ್ತದೆ ಎಂದು ಅಜ್ಜನ ಲೆಕ್ಕ. ತೆಗೆಯಿರಿ ಎಂದರೆ ಜಗಳವಾಗುತ್ತದೆ ಎಂದು ನನಗೆ ಆ ಹೊತ್ತಿಗೆ ಬುದ್ಧಿ ಬಂದಿತ್ತು.

"ಯಜಮಾನ್ರ, ಆ ಗಾಳಿ ಗೀಳಿ ಒಳಗ ಬರೂದು ಎಲ್ಲಿಂದ?" ಎಂದೆ.

"ಬಾಗಲದಿಂದನ ಬರಬೇಕಲ್ಲರಿ."

"ಹಂಗಾರ ಬಾಗಲದಾಗನ ತಡೀರಲ್ಲ. ಕೂಸಿನತನಕ ಯಾಕ ಬರಾಕ ಬಿಡ್ತೀರಿ?"

ಅಜ್ಜ ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ ಕುಡುಗೋಲನ್ನು ತಂದು ಬಾಗಿಲ ಚೌಕಟ್ಟಿನ ಮೇಲೆ ಸಿಕ್ಕಿಸಿದ. ಕುಡುಗೋಲಿನ ಹಿಂದೆಯೇ ದಿಂಬನ್ನೂ ತೆಗೆಸಿದೆ, ಇಡಲು ಕಬ್ಬಿಣವೇ ಇಲ್ಲವಾದ ಮೇಲೆ ದಿಂಬೇಕೆ ಎಂದು. ಎಳೆಗೂಸಿಗೆ ದಿಂಬು ಬೇಡ, ಮೆತ್ತನೆಯ ಕೌದಿ ಮುಖದ ಹತ್ತಿರ ಬೇಡ, ಗೊಂಬೆ ಬೇಡ, ಅಂಗಾತ ಮಲಗಿಸಿ. ಇಷ್ಟು ಹೇಳುವುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಸುತ್ತು ದಾರಿ ಹಿಡಿಯಬೇಕು.

ಕಾಲ ಬದಲಾಯಿತು. ಸಾಗುವಾನಿ ಹೋಗಿ ಕಬ್ಬಿಣದ ಪೈಪು ಬಂತು, ಪೈಪಿನ ಮೇಲೆ ಸೊಳ್ಳೆಪರದೆ ಬಂತು, ಆಮೇಲೆ ಎಲ್ಲವೂ ಫೋನಿನೊಳಗೆ ಬಂತು. ನನ್ನ ಕೊನೆಯ ವರ್ಷಗಳಲ್ಲಿ ಮನೆಗೆ ಹೋಗುವ ಮೊದಲೇ ವಾಟ್ಸಾಪಿನಲ್ಲಿ ತೊಟ್ಟಿಲು ನನ್ನ ಮನೆಗೆ ಬರುತ್ತಿತ್ತು. "ಮೇಡಂ, ಇದು ಓಕೆನಾ?" ಒಮ್ಮೆ ಕೊಟ್ಟೂರಿನ ಒಬ್ಬ ಸೊಸೆ ಬಹಳ ಅಗ್ಗಕ್ಕೆ ಸಿಕ್ಕಿತು ಎಂದು ದುಂಡನೆಯ ಮೆತ್ತನೆಯ ಹಾಸಿಗೆಯೊಂದರ ಚಿತ್ರ ಕಳಿಸಿದಳು. ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಸಣ್ಣ ಎಲುಬಿನ ಚಿತ್ರವಿತ್ತು. ಅದು ನಾಯಿಯ ಹಾಸಿಗೆ. ನಾಯಿ ಬಾಣಂತಿಕೋಣೆಗೆ ಬಂದೇಬಿಟ್ಟಿತಲ್ಲ ಎಂದು ಒಬ್ಬಳೇ ಕೂತು ನಕ್ಕೆ.

ಈಗ ಕೊಟ್ರಪ್ಪನ ತೊಟ್ಟಿಲಿನ ವಿಷಯ ಹೇಳುತ್ತೇನೆ. ನನ್ನ ನೌಕರಿಯಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯುವುದಿಲ್ಲ.

ಕೊಟ್ರಪ್ಪ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಮಂಡಕ್ಕಿ ಗಾಡಿ ಇಟ್ಟವನು. ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಶಿಲ್ಪಾ. ಅವಳನ್ನು ಹರಪನಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇರುವ ಮನೆಗೆ ಕೊಟ್ಟಿದ್ದ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಳು. ದಿನ ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು. ಅಂಗೈಯಗಲದ ಮುಖ, ತೂಕ ಕಡಿಮೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ಈ ಕೂಸನ್ನು ಮಲಗಿಸುವುದರಲ್ಲಿ ಬಹಳ ಜೋಪಾನ ಎಂದು ಹೇಳಿ ಕಳಿಸಿದ್ದರು. ಆ ಮಾತು ಕೊಟ್ರಪ್ಪನ ನಿದ್ದೆ ಕೆಡಿಸಿತ್ತು.

ತವರಿನಿಂದ ತೊಟ್ಟಿಲು ಕೊಡುವುದು ನಮ್ಮಲ್ಲಿ ರೂಢಿ. ಹೆಸರಿಡುವ ದಿನ ಕೂಸನ್ನು ಆ ತೊಟ್ಟಿಲಿಗೆ ಹಾಕಿ, ಆಮೇಲೆ ಅದು ಕೂಸಿನ ಜೊತೆ ಗಂಡನ ಮನೆಗೆ ಹೋಗುತ್ತದೆ. ಆದರೆ ಬೀಗರು ಮೊದಲೇ ಹೇಳಿ ಕಳಿಸಿದ್ದರು, ತೊಟ್ಟಿಲಿನ ಚಿಂತೆ ನಿಮಗೆ ಬೇಡ, ನಾವೇ ತರಿಸುತ್ತಿದ್ದೇವೆ ಎಂದು. ಕೊಟ್ರಪ್ಪನಿಗೆ ಅದು ಚುಚ್ಚಿತು.

"ಸಿಸ್ಟರ್, ಕೂಸಿನ ತಾಯಿಗೆ ತಾಯಿ ಇಲ್ಲ. ತೊಟ್ಲನೂ ನನ್ನ ಮನಿದಿಲ್ಲ ಅಂದ್ರ ನಾನ್ಯಾಕ ಇರಬೇಕ್ರಿ?" ಎಂದ. "ನನ್ನ ಕೈಲಾಗೂವಂಥದ್ದು, ಆದ್ರ ಕೂಸಿಗೆ ಏನೂ ಆಗಬಾರದು, ಅಂಥಾ ತೊಟ್ಲ ನೀವಽ ಆರಿಸಿಕೊಡ್ರಿ."

ಹೀಗೆ ನಾವಿಬ್ಬರೂ ತೊಟ್ಟಿಲು ನೋಡಲು ಹೊರಟೆವು. ಕೊಟ್ಟೂರಿನ ಅಂಗಡಿಯಲ್ಲಿ ಕೆತ್ತನೆಯ ತೊಟ್ಟಿಲೊಂದು ಅವನ ಕಣ್ಣಿಗೆ ಬಿತ್ತು. ನಾಲ್ಕು ಮೂಲೆಗೂ ಗಿಣಿ. ಗಿಣಿಯ ಕೊಕ್ಕು ನನ್ನ ಸೆರಗಿಗೆ ಸಿಕ್ಕಿ ಹರಿಯಿತು. ಸೀರೆಗೆ ಸಿಕ್ಕಿದ್ದು ಕೂಸಿನ ಅಂಗಿಗೂ ಸಿಗುತ್ತದೆ ಎಂದು ಬೇಡವೆಂದೆ, ಬೆಲೆ ಕೇಳಿ ಅವನೂ ಬೇಡವೆಂದ. ಹಗರಿಬೊಮ್ಮನಹಳ್ಳಿಯಲ್ಲಿ ಪೈಪಿನ ತೊಟ್ಟಿಲು ನೋಡಿದೆವು. ನಾನು ಕಂಬಿಗಳ ಸಂದಿಗೆ ಕೈ ಹಾಕಿದೆ. ಮೂರು ಬೆರಳು ಹೋದರೆ ಚಿಂತೆಯಿಲ್ಲ, ನಾಲ್ಕನೆಯದೂ ಸಲೀಸಾಗಿ ಹೋದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ ಎನ್ನುವುದು ನನ್ನ ಅಳತೆ. ಅಲ್ಲಿ ನನ್ನ ಇಡೀ ಕೈ ಬಳೆ ಸಮೇತ ಆಚೆ ಬಂತು. ಪಕ್ಕದ ಬೀದಿಯಲ್ಲಿ ಒಬ್ಬರು ತಮ್ಮ ಮನೆಯ ಹಳೆಯದನ್ನು ಪುಕ್ಕಟೆ ಕೊಡುತ್ತೇವೆ ಎಂದರು. ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು, ಕೆಳಹಲಗೆಯಲ್ಲಿ ಮೊಳೆ ಮೇಲೆದ್ದಿತ್ತು. ಅದನ್ನೂ ಬಿಟ್ಟೆವು.

ಬಸ್ಸಿನಲ್ಲಿ ಬರುವಾಗ ಕೊಟ್ರಪ್ಪ ಹೇಳಿದ, "ಸಿಸ್ಟರ್, ನನ್ನ ಮಗಳಿಗೆ ಗಂಡು ನೋಡೂಮುಂದ ನಿಮ್ಮನ್ನ ಕರಕೊಂಡು ಹೋಗಬೇಕಾಗಿತ್ತು ನೋಡ್ರಿ."

"ಯಾಕಪಾ, ಅಳಿಯ ಚಲೋ ಅದಾನಲ್ಲ?"

"ಚಲೋ ಅದಾನ್ರಿ. ಆದ್ರ ನೀವು ಬಂದಿದ್ರ ಅಕಿ ಇನ್ನಾ ಮದಿವಿ ಆಗ್ತಿದ್ದಿಲ್ಲ, ನಾವು ಈ ತೊಟ್ಲ ಹುಡುಕೂದೂ ತಪ್ತಿತ್ತು."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು, ಕಂಡಕ್ಟರೂ ನಕ್ಕ.

ಕೊನೆಗೆ ಕೊಟ್ರಪ್ಪನ ಓಣಿಯ ಬಡಿಗ ಮೌನೇಶಪ್ಪನ ಹತ್ತಿರವೇ ಹೋದೆವು. ಬೇವಿನ ಹಲಗೆ, ನೆಲದಿಂದ ಒಂದು ಗೇಣಷ್ಟೇ ಎತ್ತರ, ಎರಡು ಗಟ್ಟಿ ಕಾಲುಗಳ ನಡುವೆ ತೂಗುವ ಪೆಟ್ಟಿಗೆ. ಕಂಬಿಗಳು ನನ್ನ ಮೂರು ಬೆರಳಿನ ಅಳತೆಗೆ. ಪಕ್ಕದಲ್ಲಿ ಒಂದು ಬೆಣೆ. ಬೆಣೆ ತೆಗೆದರೆ ತೊಟ್ಟಿಲು ತೂಗುತ್ತದೆ, ಹಾಕಿದರೆ ಅಲುಗಾಡದೆ ನಿಲ್ಲುತ್ತದೆ. ಹಾಡಿ ತೂಗುವಾಗ ತೆಗೆಯಿರಿ, ನಿದ್ದೆ ಹತ್ತಿದ ಮೇಲೆ ಹಾಕಿರಿ ಎಂದೆ. ಒಳಗೆ ಪೆಟ್ಟಿಗೆಗೆ ಸರಿಯಾಗಿ ಕೂರುವ ತೆಳ್ಳನೆಯ ಗಟ್ಟಿ ಹಾಸಿಗೆ, ಅಂಚಿನಲ್ಲಿ ಬೆರಳು ತೂರುವಷ್ಟೂ ಜಾಗವಿಲ್ಲ. ಕೊಟ್ರಪ್ಪನಿಗೆ ಎಲ್ಲವೂ ಒಪ್ಪಿಗೆಯಾಯಿತು, ಆದರೆ ಹಸಿರು ಗುಲಾಬಿ ಬಣ್ಣ ಹೊಡೆಸಬೇಕೆಂಬ ಆಸೆ ಬಿಡಲೊಲ್ಲದು.

"ಹಲ್ಲು ಬರೂಮುಂದ ಕೂಸು ಅಂಚು ಕಡೀತೈತಿ. ಬಣ್ಣ ಹೊಟ್ಟಿಗೆ ಹೋಗ್ತೈತಿ" ಎಂದೆ.

"ಹಂಗಾರ ಮಿರ್ಚಿಗೆ ಹಾಕೂ ಬಣ್ಣನೂ ಬ್ಯಾಡ" ಎಂದು ನಿಟ್ಟುಸಿರು ಬಿಟ್ಟ. ಉಜ್ಜಿ ನುಣುಪು ಮಾಡಿದ ಬರಿಯ ಮರದ ತೊಟ್ಟಿಲು ಮನೆಗೆ ಬಂತು. ಅದನ್ನು ನೋಡಿದ ಓಣಿಯ ಹೆಂಗಸರು "ಇದೇನ್ರೀ, ಕಾಳಿನ ಪೆಟಗಿ ಆಗೇತಿ" ಎಂದರು. ಕೊಟ್ರಪ್ಪನ ಮುಖ ಸಣ್ಣದಾಯಿತು.

ಹೆಸರಿಡುವ ದಿನ ನನ್ನನ್ನೂ ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಹರಪನಹಳ್ಳಿಯ ಬೀಗರು ಬಂದಾಗಿತ್ತು. ನಡುಮನೆಯಲ್ಲಿ ಅವರ ತೊಟ್ಟಿಲು ಥಳಥಳ ಹೊಳೆಯುತ್ತಿತ್ತು. ಬಿಳಿ ಸೊಳ್ಳೆಪರದೆ, ಗುಂಡಿ ಒತ್ತಿದರೆ ತಾನೇ ತೂಗುವ ಯಂತ್ರ, ಜೊತೆಗೆ ಹಾಡು, ಬಣ್ಣದ ದೀಪ. ಅಳಿಯ ಮತ್ತು ಅವನ ತಮ್ಮ ಸೇರಿ ಡಬ್ಬಿ ಒಡೆದು ಜೋಡಿಸಿದ್ದರು. ಒಂದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಒಂದಿಷ್ಟು ಸ್ಕ್ರೂ ಉಳಿದಿದ್ದವು. ಇವೇನು ಎಂದು ಕೇಳಿದೆ. "ಹೆಚ್ಚಿಗೆ ಕೊಟ್ಟಾರೆ ಮೇಡಂ, ಒಳ್ಳೆ ಕಂಪನಿ" ಎಂದ ತಮ್ಮ. ಇವು ಹೆಚ್ಚಿನವಲ್ಲ, ಎಲ್ಲೋ ಹಾಕುವುದು ಉಳಿದಿದೆ, ಇನ್ನೊಮ್ಮೆ ನೋಡಿರಿ ಎಂದೆ. ಹಾಡಿನ ಗದ್ದಲದಲ್ಲಿ ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಕೊಟ್ರಪ್ಪನ ತೊಟ್ಟಿಲು ಗೋಡೆಗೆ ಒತ್ತಿ ಮೂಲೆಯಲ್ಲಿತ್ತು. ಯಾರೋ ಅದರ ಮೇಲೆ ಬಂದವರ ಚೀಲಗಳನ್ನು ಇಟ್ಟಿದ್ದರು. ಕೊಟ್ರಪ್ಪ ಬಾಗಿಲ ಹೊರಗೆ ನಿಂತಿದ್ದ. ಹೆಂಗಸರ ಶಾಸ್ತ್ರ ಎನ್ನುವುದೊಂದು ನೆಪ, ಅವನಿಗೆ ಒಳಗೆ ಬರಲು ಮುಖವಿರಲಿಲ್ಲ. ನನಗೆ ಸಿಟ್ಟು ಬಂತು, ದುಃಖವೂ ಆಯಿತು. ಅದಕ್ಕಿಂತ ಹೆಚ್ಚು ಹೆದರಿಕೆ ಆ ಸಣ್ಣ ಕೂಸಿನದು. ಶಿಲ್ಪಾ ಕೂಸನ್ನು ಮಡಿಲಲ್ಲಿ ಹಿಡಿದು ಒಮ್ಮೆ ಮೂಲೆಯತ್ತ, ಒಮ್ಮೆ ಹೊಳೆಯುವ ತೊಟ್ಟಿಲಿನತ್ತ ನೋಡುತ್ತ ತುಟಿ ಕಚ್ಚಿ ಕೂತಿದ್ದಳು.

ಶಿಲ್ಪಾಳ ಅತ್ತೆ ಶಾಂತಮ್ಮ ದೊಡ್ಡ ಮೈಯ, ದೊಡ್ಡ ಕುಂಕುಮದ ಹೆಂಗಸು. ಮಾತು ಬಿರುಸು. "ಎಲ್ಲಿ, ಗುಂಡಪ್ಪನ್ನ ತರ್ರಿ. ಶಾಸ್ತ್ರ ಬಿಡಬ್ಯಾಡ್ರಿ" ಎಂದಳು.

ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವವನು ಗುಂಡಪ್ಪ. ರುಬ್ಬುವ ಒರಳಿನ ಗುಂಡುಕಲ್ಲು ಅದು. ತೊಳೆದು, ಅರಿಶಿಣ ಕುಂಕುಮ ಹಚ್ಚಿ, ತಲೆಗೆ ಕುಲಾವಿ ಕಟ್ಟಿ, ಹೊಸ ಬಟ್ಟೆ ಸುತ್ತಿ, "ಗುಂಡಪ್ಪನ್ನ ತಗೊಳ್ರಿ, ಕೂಸನ್ನ ಕೊಡ್ರಿ" ಎಂದು ಹೆಂಗಸರು ಕೈಯಿಂದ ಕೈಗೆ ದಾಟಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಈಗ ಭಾರವೆಂದು ಸಣ್ಣ ಕಲ್ಲು ಇಡುತ್ತಾರೆ. ಶಾಂತಮ್ಮ ಅಂಥವಳಲ್ಲ, ಪೂರಾ ಗುಂಡೇ ಬೇಕೆಂದಳು. ನಾಲ್ವರು ಹೆಂಗಸರು ಏದುಸಿರು ಬಿಡುತ್ತ ಗುಂಡಪ್ಪನನ್ನು ದಾಟಿಸಿ ಹೊಳೆಯುವ ತೊಟ್ಟಿಲಲ್ಲಿ ಮಲಗಿಸಿದರು. ಅಳಿಯನ ತಮ್ಮ ಗುಂಡಿ ಒತ್ತಿದ.

ಹಾಡು ಶುರುವಾಯಿತು. ದೀಪ ಕೆಂಪಾಯಿತು, ನೀಲಿಯಾಯಿತು. ಗುಂಡಪ್ಪ ಎಡಕ್ಕೊಮ್ಮೆ ತೂಗಿದ, ಬಲಕ್ಕೊಮ್ಮೆ ತೂಗಿದ. ಮೂರನೆಯ ಸಲ ಟಕ್ ಎಂದಿತು. ಒಂದು ಕಡೆಯ ಕೊಂಡಿ ಕಳಚಿ, ಬಟ್ಟೆ ಜಗ್ಗಿ, ಗುಂಡಪ್ಪ ಕುಲಾವಿ ಸಮೇತ ತಲೆ ಕೆಳಗಾಗಿ ದಡ್ಡನೆ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ ಹಂಚಲು ಇಟ್ಟಿದ್ದ ಸಕ್ಕರೆಯ ಪುಟ್ಟಿಗೆ ಬಡಿದು ನಿಂತ. ಖಾಲಿಯಾದ ತೊಟ್ಟಿಲು ಜೋತುಬಿದ್ದ ಬಟ್ಟೆಯೊಂದಿಗೆ ಹಾಡು ಹೇಳುತ್ತ ತಾನೇ ತೂಗಿಕೊಳ್ಳುತ್ತಿತ್ತು.

ಮೊದಲು ನಕ್ಕದ್ದು ಮಕ್ಕಳು. ಆಮೇಲೆ ಹೆಂಗಸರು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಶಿಲ್ಪಾಳ ಮಡಿಲಿಗೆ ಹೋಯಿತು. ನಗು ನಿಂತಿತು.

"ಕಲ್ಲು ಭಾರ ಐತೆಲ್ಲ ಅವ್ವಾ. ಕೂಸು ಎಷ್ಟು ತೂಗತೈತೆ?" ಎಂದು ಅಳಿಯ ಮೆತ್ತಗೆ ಹೇಳಲು ನೋಡಿದ.

"ಮೊದಲು ಅದನ್ನ ನಿಲ್ಲಸಲೇ! ಖಾಲಿ ತೊಟ್ಲು ತೂಗತೈತೆ!" ಎಂದು ಶಾಂತಮ್ಮ ಅರಚಿದಳು. "ಕೂಸು ಬೆಳೆಯಲ್ಲೇನು? ದಿನಾ ಇಷ್ಟೇ ಇರತೈತೇನು?" ಸೊಸೆಯ ಮಡಿಲಿನಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು. ಅಳಿಯನ ತಮ್ಮ ಸ್ಕ್ರೂಗಳ ಪೊಟ್ಟಣವನ್ನು ಜೇಬಿಗೆ ಸೇರಿಸಿಕೊಂಡು ಹಿತ್ತಿಲಿಗೆ ಹೋದ.

ನಾನು ಮೂಲೆಗೆ ಹೋಗಿ ಚೀಲಗಳನ್ನು ಇಳಿಸಿದೆ. ಯಾರಿಗೂ ಏನೂ ಹೇಳಲಿಲ್ಲ. ಹೆಂಗಸರೇ ಬೇವಿನ ತೊಟ್ಟಿಲನ್ನು ನಡುಮನೆಗೆ ಎಳೆದು ತಂದರು. ಗುಂಡಪ್ಪನನ್ನು ಮತ್ತೆ ಎತ್ತಿ, ಕುಲಾವಿ ಸರಿಮಾಡಿ, ಒಳಗೆ ಮಲಗಿಸಿ ತೂಗಿದರು. ಬಾಗಿಲ ಹೊರಗೆ ಕೊಟ್ರಪ್ಪ ಕಣ್ಣು ಮುಚ್ಚಿ ನಿಂತಿದ್ದು ನನಗೆ ಕಾಣುತ್ತಿತ್ತು. ತೊಟ್ಟಿಲು ಹೂಂ ಹಾಂ ಎನ್ನಲಿಲ್ಲ. ಶಾಂತಮ್ಮನಿಗೆ ಅಷ್ಟೂ ಸಾಲಲಿಲ್ಲ. ಕೂಸನ್ನು ಶಿಲ್ಪಾಳಿಗೆ ಕೊಟ್ಟು, ಗುಂಡಪ್ಪನನ್ನು ತೆಗೆಸಿ, ತೊಟ್ಟಿಲೊಳಗೆ ತನ್ನ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಹಾಕಿದಳು. ಸರೋಜಮ್ಮನವರೂ ಹಾಗೆ ಹಾಕುತ್ತಿರಲಿಲ್ಲ. ತೊಟ್ಟಿಲು ಜಗ್ಗಲಿಲ್ಲ.

ಅವಳು ಸೆಟೆದು ನಿಂತು ಕೈ ಒರೆಸಿಕೊಂಡು ಬಾಗಿಲ ಕಡೆ ನೋಡಿದಳು.

"ಬೀಗ್ರೇ, ಬರ್ರಿ ಒಳಗೆ."

ಕೊಟ್ರಪ್ಪ ಹೊಸ್ತಿಲಲ್ಲೇ ನಿಂತ. "ನಾನ್ಯಾಕ್ರಿ? ಹೆಣ್ಮಕ್ಕಳ ಶಾಸ್ತ್ರ ಅದು."

"ತೊಟ್ಲು ನಿಮ್ಮದು. ನಿಮ್ಮ ಮನೆಯಾಗೆ ಕೂಸನ್ನ ಮಲಗಸಾಕೆ ಬೀಗತಿ ಇಲ್ಲ. ನೀವೇ ಮಲಗಸ್ರಿ."

"ಗಂಡಸರು ಮಲಗಸ್ತಾರೇನ್ರಿ?"

"ಗುಂಡಪ್ಪ ಏನು ಹೆಂಗಸೇನ್ರಿ? ಅವ ಎರಡು ಸಲ ಹೋಗಿ ಬಂದ. ನೀವು ಒಂದು ಸಲ ಬರ್ರಿ."

ನಡುಮನೆಯಲ್ಲಿ ಮತ್ತೆ ನಗು ಎದ್ದಿತು. ಈ ಸಲ ಶಿಲ್ಪಾಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಕೊಟ್ರಪ್ಪ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದ. ಮಿರ್ಚಿಯ ಖಾರ ಹೋಗಿದೆಯೇ ಎಂದು ಮೂಸಿ ನೋಡಿ ಮತ್ತೊಮ್ಮೆ ತೊಳೆದ. ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡು ತೊಟ್ಟಿಲ ಮುಂದೆ ಮೊಣಕಾಲೂರಿ ಕೂತ. ಅಷ್ಟರಲ್ಲಿ ಯಾರೋ ಒಬ್ಬ ಹೆಂಗಸು ಕೂಸಿನ ತಲೆ ದುಂಡಗಾಗಲೆಂದು ತೊಟ್ಟಿಲೊಳಗೆ ಸಾಸಿವೆ ತುಂಬಿದ ದಿಂಬು ತೂರಿಸಿದ್ದಳು. ಅವನು ಅದನ್ನು ಒಂದು ಕೈಯಲ್ಲಿ ತೆಗೆದು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡ. ಕೂಸನ್ನು ಅಂಗಾತ ಮಲಗಿಸಿದ. ಕುಲಾವಿಯ ದಾರ ಮುಖದಿಂದ ಈಚೆ ಸರಿಸಿದ. ಆಮೇಲೆ ಹೆಂಗಸರ ತಲೆಗಳ ಮೇಲಿಂದ ನನ್ನನ್ನು ಹುಡುಕಿ ಗಟ್ಟಿಯಾಗಿ ಕೇಳಿದ,

"ಸಿಸ್ಟರ್, ಸರಿ ಐತೇನ್ರಿ?"

ನನಗಿಂತ ಮೊದಲು ಶಾಂತಮ್ಮ ಹೇಳಿದಳು.

"ಸರಿ ಐತೆ ಬೀಗ್ರೇ. ನಿಧಾನಕ್ಕೆ ತೂಗ್ರಿ."